ಡಿವೈಡರಿನ ಕಣಗಿಲ

ನನ್ನ ಗಂಡ ರಸ್ತೆಗೆ ನೀರ ಹಾಕ್ತಾನ.
ನಗಬ್ಯಾಡ್ರಿ, ಅದಕ್ಕ ಪಗಾರ ಅದ.
ಸೊಲ್ಲಾಪುರದಿಂದ ಅಕ್ಕಲಕೋಟಿಗೆ ಹೋಗೂ ಹೆದ್ದಾರಿ ನಡುವ
ಸಿಮೆಂಟಿನ ಎರಡು ದಂಡಿ, ಅದರೊಳಗ ಮಾರಗಲ ಮಣ್ಣು,
ಮಣ್ಣಾಗ ಕಣಗಿಲ ಸಾಲು:
ಕೆಂಪು, ಬಿಳಿ, ಮತ್ತೊಂದು ಬಣ್ಣ,
ತೊಳದೂ ತೊಳದೂ ಸೋತ ಸೀರಿ ಸೆರಗಿನಂಥಾದ್ದು.
ಟ್ಯಾಂಕರ್ ಹಿಂದ ನಿಂತು ಪೈಪು ಹಿಡದು
ದಿನಾ ಹನ್ನೊಂದು ಕಿಲೋಮೀಟರ್ ಕುಡಸ್ತಾನ.

ನಮ್ಮ ಓಣಿಗೆ ನಳ ಬರೂದು ಐದು ದಿನಕ್ಕೊಮ್ಮೆ,
ಅದೂ ರಾತ್ರಿ ಎರಡಕ್ಕ, ಕೆಮ್ಮಿಕೋತ.

ಒಂದಿನ ಅಂದೆ: ಲಾರಿಗೋಳಿಗೆ ಇಷ್ಟು ಹೂವು,
ನಮ್ಮ ಬಾಗಲಿಗೆ ಒಂದು ಟೊಂಗಿ ಇಲ್ಲ.
ಆತ ಮಾತಾಡಲಿಲ್ಲ.
ಮರುದಿನ ಬುತ್ತಿ ಚೀಲದಾಗ
ಗೇಣುದ್ದದ ಎರಡು ಕಡ್ಡಿ, ಹಸೀ ಅರಿವ್ಯಾಗ ಸುತ್ತಿದ್ದು.
"ಗವಳಿ ಸುಪರ್‌ವೈಜರ್ ನೋಡ್ಯಾನೋ ಇಲ್ಲೋ ಗೊತ್ತಿಲ್ಲ."
"ಮೊದಲ ಕೈ ತೊಳಕೋ," ಅಂದಳು ಅತ್ತಿ,
"ಅದರ ಹಾಲು ವಿಷ."

ಬಾಟಲಿ ನೀರಿನಾಗ ಇಪ್ಪತ್ತೆರಡು ದಿನ.
ಬೇರು ಬಂತೇನಂತ ದಿನಾ ಎತ್ತಿ ನೋಡಿ ನೋಡಿ
ಒಂದು ಕಡ್ಡಿ ನಾನೇ ಕೊಂದೆ.
ಎರಡನೇದಕ್ಕ ಬಟ್ಟಿ ಮುಚ್ಚಿ ಮರತಂಗ ಮಾಡಿದೆ.
ಅಕ್ಕಿ ನುಚ್ಚಿನಂಥ ಮೂರು ಬೇರು.
"ಬರೇ ಎರಿಮಣ್ಣಾದ್ರ ಕೊಳೀತದ," ಅಂದ ಆತ,
ಅರ್ಧ ಗರಸು ಕಲಸಿ ತಂದ.
ಇಳಿಹೊತ್ತಿನ ಬಿಸಲು ಬಂದು ಬಡಿಯೂ ಗ್ವಾಡಿ,
ಎರಡು ಸಲ ತುಳಸಿ ಸುಟ್ಟ ಜಾಗಾ,
ಅಲ್ಲೇ ಹಚ್ಚಿದೆವು.

ಈ ಓಣ್ಯಾಗ ಹಸರು ಉಳಿಯೂದಿಲ್ಲ.
ಹಲೀಮಾಬಿ ಆಡು ಆರು.
ಮಲ್ಲಿಗಿ ಬಳ್ಳಿ ತಿಂದಾವ, ಕರಿಬೇವು ತಿಂದಾವ,
ಬಾಗಲಿಗೆ ಸಿಗಿಸಿದ ಮದವಿ ಪತ್ರಿಕಿ
ಮರಾಠಿದೂ ತಿಂದಾವ, ಕನ್ನಡದ್ದೂ ತಿಂದಾವ.
ಕಣಗಿಲ ಮುಂದ ಬಂದು ಮೂಗು ಚಾಚಿ
ಏನೋ ನೆನಪಾದಂಗ ತಿರುಗಿ ಹೋಗ್ತಾವ.
"ನಿನ್ನ ಗಿಡ ನಿನ್ನಂಗೇ ಅದ," ಅಂದಳು ಹಲೀಮಾಬಿ.
ಹೊಗಳಿದಳೋ ಬೈದಳೋ, ಕೇಳಲಿಲ್ಲ.

ಅತ್ತಿದು ಮೂರು ತಿಂಗಳ ಮುನಿಸು:
ಕೂಸು ಆಡೂ ಮನಿ ಮುಂದ ವಿಷ ಹಚ್ಚೀರಿ.
ಗ್ಯಾಸಿನ ಟಾಕಿ, ಕರೆಂಟಿನ ತಂತಿ,
ಓಣಿ ದಾಟಿದರ ಹೆದ್ದಾರಿ,
ಇವುಗಳ ನಡುವನ ಕೂಸು ಬೆಳದದಲ್ಲ ಅತ್ತಿ,
ಅನಬೇಕಂದೆ. ಅನಲಿಲ್ಲ.
ಕೂಸಿಗೆ ಕೈ ತೊಳೀಲಿಕ್ಕ ಕಲಿಸಿದೆ.

ಎರಡನೇ ಬ್ಯಾಸಗಿ.
ಮೋರಿ ಒಳಗ ನಾಯಿ, ನೆಳ್ಳಿನಾಗ ಬಾಯಿ ತೆರದ ಆಡು,
ನೆತ್ತಿ ಮ್ಯಾಲಿನ ಪತ್ರಾ ಕಾದು ಟಣ್ ಟಣ್ ಅಂತಿತ್ತು.
ಹಿಟ್ಟಿನ ಕೈ ತೊಳದ ನೀರೂ ಎರಡು ದಿನದಿಂದ ಹಾಕಿರಲಿಲ್ಲ.
ಆ ಮಧ್ಯಾಹ್ನದಾಗ, ಯಾರೂ ಕೇಳದೇ,
ಮೊದಲ ಗೊಂಚಲು.
ಸೋತ ಸೆರಗಿನ ಬಣ್ಣಾನ.

ಸಂಜೀಕ ಅತ್ತಿ ಹೊರಗ ಬಂದಳು.
ಒಂದೇ ಹೂವು ಕಿತ್ತಳು.
ಕೊರಳ ಲಿಂಗ ಬಿಚ್ಚಿ ಅಂಗೈಯಾಗ ಇಟ್ಟುಕೊಂಡು
ಅದರ ಮ್ಯಾಲ ಏರಿಸಿದಳು, ಕಣ್ಣು ಮುಚ್ಚಿ ಭಾಳ ಹೊತ್ತು.
ಆಮ್ಯಾಲ ಸಾಬೂನು ಹಚ್ಚಿ ಕೈ ತೊಳಕೊಂಡಳು.

ರಾತ್ರಿ ಕಟ್ಟಿ ಮ್ಯಾಲ ಕುಂತು ಆತನ್ನ ಕೇಳಿದೆ:
ರಸ್ತೆದು ಯಾರರೇ ನೋಡ್ತಾರೇನು?
"ಯಾರು ನೋಡ್ಬೇಕು. ಹೂವಿಗಂತ ಹಚ್ಚಿದ್ದಲ್ಲ ಅದು,
ಎದರಿನ ಗಾಡಿ ಬೆಳಕು ಕಣ್ಣಿಗೆ ಹೊಡೀಬಾರದಂತ."
ಬೀಡಿ ಆರಿಸಿದ.
"ನಾ ಮುರದ ಟೊಂಗಿ, ಹದಿನಾಲ್ಕನೇ ಕಲ್ಲಿನ ಹತ್ರ,
ಮೂರು ಕವಲು ಒಡದದ.
ಅಲ್ಲೊಂದೀಟು ಪೈಪು ನಿಂದ್ರಸ್ತೀನಿ."
ಮುಂದೇನೋ ಹೇಳೂವನಿದ್ದ.
ನಳ ಬಂತು ಅಂತ ಯಾರೋ ಕೂಗಿದರು,
ಇಬ್ಬರೂ ಕೊಡ ಹಿಡದು ಓಡಿದೆವು.